ನಾಡಿ 64ಕ್ಕೆ ಇಳೀಬೇಕು: ದೂರದ ಸವಾರಿಗೆ ಕುದುರೆಯ ಮನಸ್ಸನ್ನ ಅಣಿ ಮಾಡೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಕುದುರೆ ವಿಷಯ. ರೇಸ್ ಅಲ್ಲ, ಬೆಟ್ಟಿಂಗ್ ಅಂತೂ ಅಲ್ಲವೇ ಅಲ್ಲ. ಒಂದೇ ದಿನದಲ್ಲಿ 80, 120, ಕೆಲವೊಮ್ಮೆ 160 ಕಿಲೋಮೀಟರ್ ಒಂದೇ ಕುದುರೆ ಮೇಲೆ ಹೋಗುವ ಆಟ. ಹೆಸರು ಎಂಡ್ಯೂರೆನ್ಸ್ ರೈಡಿಂಗ್.

ಮೊದಲು ಒಂದು ಕಲ್ಪನೆ ಮಾಡಿಕೊಳ್ಳಿ. ನೀವು ಕೆಂಪಾಪುರದಿಂದ ಹೊರಡ್ತೀರಿ. ಹೆಬ್ಬಾಳದ ಪಕ್ಕದ ಕೆಂಪಾಪುರ ಅಲ್ಲ, ಅಲ್ಲಿಂದ ಹೊರಟರೆ ಕುದುರೆಯೂ ಟ್ರಾಫಿಕ್‌ನಲ್ಲೇ ನಿಲ್ಲುತ್ತೆ. ಇದು ಮಾಗಡಿ ತಾಲ್ಲೂಕಿನ ಕೆಂಪಾಪುರ, 2015ರಲ್ಲಿ ಕೆಂಪೇಗೌಡರ ಸಮಾಧಿ ಗುರುತಿಸಿದ ಮೇಲೆ ಸುದ್ದಿಯಾದ ಊರು. ಬೆಳಗಿನ ಜಾವ ಹೊರಟು ಸಾವನದುರ್ಗದ ಬುಡ, ಮಂಚನಬೆಲೆ, ರಾಮನಗರದ ಬಂಡೆಗಳ ಸಾಲು, ಆಮೇಲೆ ಹೊಲದ ಬದು ಹಿಡಿದು ವಾಪಸ್ಸು. ಒಟ್ಟು 80 ಕಿಲೋಮೀಟರ್ ತುಂಬುವ ಹಾಗೆ ಒಂದು ಸುತ್ತು ಅಂದುಕೊಳ್ಳಿ. ಇಂಥ ಸ್ಪರ್ಧೆ ಅಲ್ಲಿ ನಡೀತಿದೆ ಅಂತ ನಾನು ಹೇಳ್ತಿಲ್ಲ. ಗೊತ್ತಿರೋ ದಾರಿ ಆದ್ರೆ ಕುದುರೆ ಏನೇನು ನೋಡುತ್ತೆ ಅಂತ ಊಹಿಸೋದು ನಿಮಗೆ ಸುಲಭ, ಅಷ್ಟೇ.

ದಾರಿಯಲ್ಲಿ ಏನೇನಿದೆ? ಮೋರಿ ಮೇಲೆ ಹಾರಾಡೋ ಪ್ಲಾಸ್ಟಿಕ್ ಕವರ್. ತೋಟದಲ್ಲಿ ಹಾವಿನ ಹಾಗೆ ಬಿದ್ದಿರೋ ಡ್ರಿಪ್ ಪೈಪು. ಎದುರಿಗೆ ಹಾರನ್ ಹೊಡೀತಾ ಬರೋ ಕೆಎಸ್‌ಆರ್‌ಟಿಸಿ ಬಸ್ಸು. ಗಾಳಿಗೆ ಪಟಪಟ ಅನ್ನೋ ಬರ್ತ್‌ಡೇ ಫ್ಲೆಕ್ಸು. ಬೀದಿನಾಯಿಗಳ ದಂಡು. ಜೆಸಿಬಿ. ಎಲ್ಲೋ ದೂರದ ಜಾತ್ರೆಯ ತಮಟೆ ಸದ್ದು. ಮಾಗಡಿ ಕಡೆ ಚಿರತೆಯೂ ಹೊಸದಲ್ಲ. ನಮಗೆ ಇದ್ಯಾವುದೂ ವಿಷಯವೇ ಅಲ್ಲ. ಕುದುರೆಗೆ ಒಂದೊಂದೂ ಒಂದೊಂದು ಪ್ರಶ್ನೆ: ಓಡಬೇಕಾ, ಬೇಡವಾ?

ಆ ಪ್ರಶ್ನೆಗೆ ದಿನಕ್ಕೆ ಇನ್ನೂರು ಸಲ "ಓಡಬೇಕು" ಅಂತ ಉತ್ತರ ಬಂದರೆ, ಕಾಲು ಎಷ್ಟೇ ಗಟ್ಟಿ ಇರಲಿ, ಆ ಕುದುರೆ 80 ಕಿಲೋಮೀಟರ್ ಮುಗಿಸೋದು ಕಷ್ಟ. ಯಾಕೆ ಅಂತ ಈಗ ನೋಡೋಣ.

ಡಾಕ್ಟರ್ ಗೇಟು ಅನ್ನೋ ಪರೀಕ್ಷೆ

ಈ ಆಟ ಬೇರೆ ಎಲ್ಲ ಓಟಗಳಿಗಿಂತ ಬೇರೆ ಆಗೋದು ಒಂದು ನಿಯಮದಿಂದ. ಇಡೀ ದೂರವನ್ನ ಹೆಚ್ಚೆಂದರೆ 40 ಕಿಲೋಮೀಟರ್‌ನ ಸುತ್ತುಗಳಾಗಿ ಒಡೆದಿರ್ತಾರೆ. ಪ್ರತಿ ಸುತ್ತು ಮುಗಿದಾಗ ವೆಟ್ ಗೇಟ್. ಅಲ್ಲಿ ಪಶುವೈದ್ಯರು ನಿಂತಿರ್ತಾರೆ. ನೀವು ಗೆರೆ ದಾಟಿದ ಮೇಲೆ ಕುದುರೆಯ ಹೃದಯ ಬಡಿತ ನಿಗದಿತ ಮಟ್ಟಕ್ಕೆ, ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ, ನಿಗದಿತ ಸಮಯದೊಳಗೆ ಇಳೀಬೇಕು. ಇಳೀಲಿಲ್ಲ ಅಂದ್ರೆ ಆಟ ಅಲ್ಲಿಗೇ ಮುಗೀತು. ಎಷ್ಟೇ ಮೊದಲು ಬಂದಿರಿ, ಮನೆಗೆ.

ಮತ್ತೊಂದು ಸೂಕ್ಷ್ಮ ಇದೆ. ನಡುವಿನ ಗೇಟುಗಳಲ್ಲಿ ನಿಮ್ಮ ಗಡಿಯಾರ ನಿಲ್ಲೋದು ಗೆರೆ ದಾಟಿದಾಗ ಅಲ್ಲ. ಕುದುರೆಯನ್ನ ಪರೀಕ್ಷೆಗೆ ಒಪ್ಪಿಸಿದಾಗ. ಅಂದ್ರೆ ನಾಡಿ ಎರಡು ನಿಮಿಷದಲ್ಲಿ ಇಳಿದ ಕುದುರೆಗೂ ಹನ್ನೆರಡು ನಿಮಿಷ ತಗೊಂಡ ಕುದುರೆಗೂ ನಡುವೆ ಹತ್ತು ನಿಮಿಷದ ಅಂತರ. ಆ ಹತ್ತು ನಿಮಿಷವನ್ನ ಓಡಿಸಿ ಸಂಪಾದಿಸೋಕೆ ಹೋದರೆ ಮುಂದಿನ ಗೇಟಲ್ಲಿ ನಾಡಿ ಇನ್ನೂ ಇಳಿಯಲ್ಲ.

ಆರಾಮಾಗಿ ನಿಂತ ಕುದುರೆಯ ಹೃದಯ ನಿಮಿಷಕ್ಕೆ ಸುಮಾರು 30ರಿಂದ 40 ಸಲ ಬಡಿಯುತ್ತೆ. ನಮಗಿಂತ ನಿಧಾನ. ಪೂರ್ತಿ ನಾಗಾಲೋಟದಲ್ಲಿ 200 ದಾಟುತ್ತೆ. ಆದರೆ ಅದು ಏರೋದು ಓಟದಿಂದ ಮಾತ್ರ ಅಲ್ಲ. ನಿಂತಲ್ಲೇ ನಿಂತ ಕುದುರೆ ಬೆಚ್ಚಿಬಿದ್ದರೂ ಕ್ಷಣದಲ್ಲಿ 100ರ ಮೇಲೆ ಹೋಗಬಹುದು. ಹೆದರಿಕೆಗೆ ಬರೋ ಅಡ್ರಿನಲಿನ್ ಹೃದಯವನ್ನ ಒದೆಯುತ್ತೆ. ಗುಲ್ಮ, ಅಂದ್ರೆ ಸ್ಪ್ಲೀನ್, ಮುದುಡಿಕೊಂಡು ತನ್ನಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನ ರಕ್ತಕ್ಕೆ ಸುರಿಯುತ್ತೆ. ಹುಲಿ ಬಂದಾಗ ಇದು ಪ್ರಾಣ ಉಳಿಸೋ ವ್ಯವಸ್ಥೆ. ಸ್ಟೆತಸ್ಕೋಪ್ ಹಿಡಿದ ಡಾಕ್ಟರ್ ಬಂದಾಗಲೂ ಇದೇ ನಡೆದರೆ? ದಣಿವೇ ಇಲ್ಲದ ಕುದುರೆಯ ನಾಡಿಯೂ 64ಕ್ಕೆ ಇಳಿಯಲ್ಲ.

ಹಾಗಾಗಿ ಈ ಆಟದಲ್ಲಿ ಮನಸ್ಸು ಅನ್ನೋದು ಗಾಳಿಮಾತಲ್ಲ. ಅದನ್ನ ಅಳೀತಾರೆ, ನಂಬರ್ ಬರೀತಾರೆ.

ಒಂದು ಉದಾಹರಣೆ ಕೊಟ್ಟು ಮುಂದೆ ಹೋಗೋಣ. ಕೇರಳದ ಮಲಪ್ಪುರಂ ಮೂಲದ ನಿದಾ ಅಂಜುಂ ಅನ್ನೋ ಯುವತಿ 2023ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ಕಿರಿಯರ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನಲ್ಲಿ 120 ಕಿಲೋಮೀಟರ್ ಪೂರ್ತಿ ಮುಗಿಸಿದರು. ಸುದ್ದಿ ಆಗಿದ್ದು ಪದಕಕ್ಕಲ್ಲ, ಮುಗಿಸಿದ್ದಕ್ಕೆ. ಈ ಆಟದಲ್ಲಿ ಮುಗಿಸೋದೇ ಒಂದು ಸಾಧನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೀತಿರೋ ಟೆವಿಸ್ ಕಪ್ ಅನ್ನೋ 160 ಕಿಲೋಮೀಟರ್ ಸವಾರಿಯಲ್ಲಿ ಹೊರಟವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜೋಡಿಗಳು ಮಾತ್ರ ಕೊನೆ ಮುಟ್ಟೋದು.

ಓಡೋದು ಕಲಿತವನಿಗೆ ನಡೆಯೋದು ಕಲಿಸೋದು

ನಮ್ಮ ಕಡೆ ಕುದುರೆ ಸವಾರಿ ಕಲಿಸೋ ಜಾಗಗಳಲ್ಲಿ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು ಸಾಕಷ್ಟು ಸಿಗ್ತವೆ. ಬೆಂಗಳೂರಲ್ಲಿ ಟರ್ಫ್ ಕ್ಲಬ್ ಇದೆ. ಮಾಗಡಿಗೆ ಅಂಟಿಕೊಂಡ ತಾಲ್ಲೂಕು ಕುಣಿಗಲ್, ಅಲ್ಲಿ ಸ್ಟಡ್ ಫಾರಂ ಇದೆ. ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಾಗಿ ಬೆಳೆದದ್ದು ಅಂತ ಹೇಳೋ ಜಾಗ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು. ಕುದುರೆ ಈ ಸೀಮೆಗೆ ಹೊಸದಲ್ಲ. ಶೋಲೆ ಚಿತ್ರದ ಬಸಂತಿಯ ಟಾಂಗಾ ಓಡಿದ್ದು ಇದೇ ರಾಮನಗರದ ಬಂಡೆಗಳ ನಡುವೆ, ಧನ್ನೋ ನೀರು ಕುಡಿದದ್ದು ಮಾತ್ರ ಯಾರಿಗೂ ನೆನಪಿಲ್ಲ!

ರೇಸ್ ಕುದುರೆಯ ಕಥೆ ಏನಪ್ಪಾ ಅಂದ್ರೆ, ಅದು ಎರಡನೇ ವಯಸ್ಸಿಗೇ ಓಟಕ್ಕೆ ಇಳಿಯುತ್ತೆ. ಗೇಟು ತೆಗೆದ ತಕ್ಷಣ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒಂದೂವರೆ, ಎರಡು ಕಿಲೋಮೀಟರ್. ಬೆಂಗಳೂರು ಡರ್ಬಿ ಕೂಡ ಕೆಲವೇ ನಿಮಿಷದ ಮಾತು. ಪಕ್ಕದಲ್ಲಿ ಇನ್ನೊಂದು ಕುದುರೆ ಬಂತು ಅಂದ್ರೆ ಅದನ್ನ ಹಿಂದೆ ಹಾಕಬೇಕು. ಲಗಾಮು ಬಿಗಿ ಆಯ್ತು ಅಂದ್ರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಹೋಗಬೇಕು. ಎಂಡ್ಯೂರೆನ್ಸ್ ಕೇಳೋದು ಪೂರ್ತಿ ತಿರುವುಮುರುವು. ಯಾರು ಹಿಂದೆ ಹಾಕಿದರೂ ನಿನ್ನ ಪಾಡಿಗೆ ನೀನು ಹೋಗು, ಲಗಾಮು ಸಡಿಲ ಇರಲಿ, ನೀರು ಕಂಡರೆ ನಿಂತು ಕುಡಿ. ಅಂತರರಾಷ್ಟ್ರೀಯ 160 ಕಿಲೋಮೀಟರ್ ಸ್ಪರ್ಧೆಗೆ ಕುದುರೆಗೆ ಕನಿಷ್ಠ 8 ವರ್ಷ ಆಗಿರಬೇಕು. ಎರಡಕ್ಕೂ ಎಂಟಕ್ಕೂ ಇರೋ ವ್ಯತ್ಯಾಸ ನೋಡಿ. ಮೂಳೆ, ಸ್ನಾಯು ಗಟ್ಟಿಯಾಗೋಕೆ ಆ ಸಮಯ ಬೇಕು, ತಲೆಗೂ ಬೇಕು.

ಹಾಗಾಗಿ ರೇಸಿನಿಂದ ಬಂದ ಕುದುರೆಗೆ ಮೊದಲ ಪಾಠ ಸವಾರಿಯೇ ಅಲ್ಲ. ತಿಂಗಳುಗಟ್ಟಲೆ ಸುಮ್ಮನೆ ನಡಿಗೆ. ಲಾಯದಿಂದ ಹೊರಗೆ ಹೋದಾಗಲೆಲ್ಲ ಓಡಬೇಕಿಲ್ಲ ಅನ್ನೋದು ಅದರ ತಲೆಗೆ ಇಳಿಯೋವರೆಗೆ. ಕೇಳೋಕೆ ಬೋರು. ಮಾಡೋಕೆ ಇನ್ನೂ ಬೋರು. "ಕುದುರೆ ಕಂಡ್ರೆ ಕಾಲುನೋವು" ಅಂತ ಗಾದೆ ಇದೆಯಲ್ಲ, ಇಲ್ಲಿ ಕುದುರೆ ಇದ್ದೂ ನೀವು ಅದರ ಪಕ್ಕ ನಡೆದು ನಡೆದೇ ಕಾಲು ನೋಯಿಸಿಕೊಳ್ಳಬೇಕು.

ಮೈಸೂರಿನ ಫಿರಂಗಿ ಹೇಳಿಕೊಡೋ ಪಾಠ

ಪ್ರಾಣಿಯ ಮನಸ್ಸನ್ನ ಸದ್ದಿಗೆ ಒಗ್ಗಿಸೋದು ಹೇಗೆ ಅಂತ ನೋಡೋಕೆ ನಾವು ಫ್ರಾನ್ಸಿಗೆ ಹೋಗಬೇಕಿಲ್ಲ, ಮೈಸೂರಿಗೆ ಹೋದರೆ ಸಾಕು. ದಸರಾ ಜಂಬೂ ಸವಾರಿ ದಿನ 21 ಸುತ್ತು ಕುಶಾಲತೋಪು ಹಾರಿಸ್ತಾರೆ. ಆನೆಗಳು, ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳು, ರಸ್ತೆಯ ಎರಡೂ ಕಡೆ ಲಕ್ಷಾಂತರ ಜನ. ಅವತ್ತು ಒಂದು ಕುದುರೆ ಬೆದರಿ ನುಗ್ಗಿದರೆ ಏನಾಗುತ್ತೆ ಅಂತ ಯೋಚಿಸಿ.

ಅದಕ್ಕೇ ದಸರಾಕ್ಕೆ ವಾರಗಟ್ಟಲೆ ಮೊದಲೇ ಫಿರಂಗಿ ತಾಲೀಮು ಇಟ್ಟುಕೊಳ್ತಾರೆ. ಆನೆ, ಕುದುರೆಗಳನ್ನ ಸಾಲಾಗಿ ನಿಲ್ಲಿಸಿ, ಎದುರಿಗೆ ಪೊಲೀಸ್ ಸಿಬ್ಬಂದಿ ನಿಜವಾದ ಸಿಡಿಮದ್ದು ತುಂಬಿ ಹಾರಿಸ್ತಾರೆ. ಒಂದೇ ಸಲಕ್ಕೆ ಮುಗಿಯಲ್ಲ, ಕೆಲವು ದಿನ ಬಿಟ್ಟು ಮತ್ತೆ, ಇನ್ನೊಮ್ಮೆ. ಮೊದಲ ದಿನ ಹೊಸ ಆನೆ ಹಿಂದೆ ಸರಿಯುತ್ತೆ, ಕುದುರೆ ಗಿರಗಿರ ತಿರುಗುತ್ತೆ. ಪಕ್ಕದಲ್ಲಿ ಹತ್ತು ದಸರಾ ನೋಡಿದ ಹಳೇ ಆನೆ ಕಿವಿ ಬೀಸ್ತಾ ನಿಂತಿರುತ್ತೆ. ಪ್ರತಿ ವರ್ಷ ಟಿವಿಯಲ್ಲಿ ಈ ದೃಶ್ಯ ಬರುತ್ತೆ. ನಾವು ಬೆದರಿದ ಪ್ರಾಣಿಯನ್ನ ನೋಡ್ತೀವಿ. ಮುಂದಿನ ಸಲ ಬೆದರದೆ ನಿಂತ ಪ್ರಾಣಿಯನ್ನ ನೋಡಿ. ಹೊಸದಕ್ಕೆ ಪಾಠ ಹೇಳ್ತಿರೋದು ಅದು.

ದೂರದ ಸವಾರಿಗೂ ಇದೇ ತತ್ತ್ವ, ಒಂದು ತಿದ್ದುಪಡಿಯ ಜೊತೆ. ಸದ್ದನ್ನ, ವಸ್ತುವನ್ನ ಎಷ್ಟು ಹತ್ತಿರದಿಂದ ಶುರು ಮಾಡ್ತೀರಿ ಅನ್ನೋದು ಮುಖ್ಯ. ಪ್ಲಾಸ್ಟಿಕ್ ಕವರ್‌ಗೆ ಹೆದರೋ ಕುದುರೆಯನ್ನ ಕಟ್ಟಿಹಾಕಿ, ಮೈ ತುಂಬ ಕವರ್ ಸವರೋ ಪದ್ಧತಿ ಕೆಲವರಲ್ಲಿದೆ. ಸ್ವಲ್ಪ ಹೊತ್ತು ಒದ್ದಾಡಿ ಅದು ಸುಮ್ಮನಾಗುತ್ತೆ. ನೋಡೋರಿಗೆ "ಪಳಗಿತು" ಅನಿಸುತ್ತೆ. ಅದು ಕಲಿತಿದ್ದು ಕವರ್ ಅಪಾಯಕಾರಿ ಅಲ್ಲ ಅಂತಲ್ಲ, ಒದ್ದಾಡಿ ಪ್ರಯೋಜನ ಇಲ್ಲ ಅಂತ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಕೊನೆಗೆ ಇದೇ ದೊಡ್ಡ ವಿಷಯ ಆಗುತ್ತೆ.

ಸರಿಯಾದ ದಾರಿ ಹೀಗೆ. ಕವರ್ ಇಪ್ಪತ್ತು ಅಡಿ ದೂರದಲ್ಲಿದೆ. ಕುದುರೆ ಕಿವಿ ನಿಮಿರಿಸಿ ನೋಡ್ತಿದೆ, ಆದ್ರೆ ಕಾಲು ಇನ್ನೂ ನಿಂತೇ ಇದೆ. ಅಲ್ಲೇ ನಿಲ್ಲಿ. ತಲೆ ತಗ್ಗಿಸುತ್ತಾ, ಬಾಯಿ ಜಗಿಯುವ ಹಾಗೆ ಆಡಿಸುತ್ತಾ, ಉದ್ದಕ್ಕೆ ಉಸಿರು ಬಿಡುತ್ತಾ ನೋಡಿ. ಆಗ ವಾಪಸ್ ತಿರುಗಿಸಿ ಒಂದು ಸುತ್ತು ಹಾಕಿ. ಮತ್ತೆ ಬನ್ನಿ, ಈ ಸಲ ಹದಿನೆಂಟು ಅಡಿ. ಹೆದರಿಕೆಯ ಗೆರೆ ಎಲ್ಲಿದೆಯೋ ಅದರ ಈಚೆಗೇ ಕೆಲಸ. ಗೆರೆ ದಾಟಿಸಿ ಜಗಳಕ್ಕೆ ಇಳಿದರೆ, ಆ ಜಾಗದಲ್ಲಿ ಜಗಳ ಆಯ್ತು ಅನ್ನೋದನ್ನ ಕುದುರೆ ಬಹಳ ಚೆನ್ನಾಗಿ ನೆನಪಿಟ್ಕೊಳ್ಳುತ್ತೆ.

ಕುದುರೆ ಕಣ್ಣಿನ ಬಗ್ಗೆಯೂ ಇಲ್ಲಿ ಹೇಳಬೇಕು. ಕಣ್ಣು ತಲೆಯ ಎರಡು ಬದಿಗಿದೆ, ಹಾಗಾಗಿ ಹೆಚ್ಚುಕಮ್ಮಿ 350 ಡಿಗ್ರಿ ಕಾಣುತ್ತೆ. ನೇರ ಹಿಂದೆ ಮತ್ತು ಹಣೆಯ ಎದುರು ಸ್ವಲ್ಪ ಜಾಗ ಮಾತ್ರ ಕುರುಡು. ಪರಿಚಿತ ವಸ್ತುವನ್ನೇ ತಿರುಗಿಸಿ ಇಟ್ಟರೂ ಹೊಸದು ಅಂತ ಬೆದರಬಹುದು. ಅದಕ್ಕೇ ಹೋಗುವಾಗ ಆರಾಮಾಗಿ ದಾಟಿದ ಫ್ಲೆಕ್ಸಿಗೆ ಬರುವಾಗ ಹೌಹಾರುತ್ತೆ. ಸವಾರ ಕೋಪ ಮಾಡ್ಕೊಂಡು, "ಈಗ ತಾನೆ ನೋಡಿದ್ಯಲ್ಲೋ!" ಅಂತಾನೆ. ಅದು ನೋಡಿಲ್ಲ. ಅದು ನೋಡಿದ್ದು ಇನ್ನೊಂದು ಮಗ್ಗುಲಿಂದ. ಹಾಗಾಗಿ ತಾಲೀಮಿನ ದಾರಿಯನ್ನ ಎರಡೂ ದಿಕ್ಕಿನಿಂದ ಮಾಡಬೇಕು.

ಲಗಾಮಿನ ಭಾಷೆ ಬಗ್ಗೆ ಎರಡೇ ಮಾತು. ಕುದುರೆ ಕಲಿಯೋದು ಒತ್ತಿದಾಗ ಅಲ್ಲ, ಒತ್ತಡ ಬಿಟ್ಟಾಗ. ಕಾಲಲ್ಲಿ ಒತ್ತಿದಿರಿ, ಒಂದು ಹೆಜ್ಜೆ ಮುಂದಿಟ್ಟಿತು, ಆ ಕ್ಷಣವೇ ಬಿಡಬೇಕು. ಎರಡು ಸೆಕೆಂಡ್ ತಡವಾದರೆ, ಯಾವುದಕ್ಕೆ ಬಿಟ್ಟಿರಿ ಅಂತ ಅದಕ್ಕೆ ಗೊತ್ತಾಗಲ್ಲ. ಸದಾ ಎಳೆದುಕೊಂಡೇ ಇರೋ ಲಗಾಮು ಅಂದ್ರೆ ಸದಾ ಹಾರನ್ ಹೊಡೆಯೋ ಲಾರಿ ಇದ್ದ ಹಾಗೆ, ಕೊನೆಗೆ ಯಾರೂ ದಾರಿ ಬಿಡಲ್ಲ.

ಹಳೇ ಎತ್ತಿನ ಜೋಡಿ

ಕುದುರೆಗೆ ಅತಿ ದೊಡ್ಡ ಹೆದರಿಕೆ ಚಿರತೆ ಅಲ್ಲ, ಒಂಟಿತನ. ಗುಂಪಿನಲ್ಲಿ ಬದುಕೋ ಪ್ರಾಣಿ ಅದು. ಗುಂಪು ಬಿಟ್ಟರೆ ಸತ್ತೆ ಅನ್ನೋ ಲೆಕ್ಕ ಅದರ ರಕ್ತದಲ್ಲಿದೆ. ಸ್ಪರ್ಧೆಯಲ್ಲಿ ಹತ್ತು ಕುದುರೆ ಒಟ್ಟಿಗೆ ಹೊರಡ್ತವೆ, ಮೂವತ್ತನೇ ಕಿಲೋಮೀಟರ್‌ಗೆ ನಿಮ್ಮದು ಒಂಟಿಯಾಗುತ್ತೆ. ಮುಂದೆ ಹೋದ ಗೆಳೆಯನಿಗಾಗಿ ಕೆನೆಯುತ್ತೆ, ಎಳೆಯುತ್ತೆ, ಬೆವರುತ್ತೆ. ಓಡದೇನೇ ದಣಿಯೋದು ಅಂದ್ರೆ ಇದೇ.

ಮಾಗಡಿ ಕಡೆಯ ರೈತರಿಗೆ ಇದರ ಒಂದು ಮುಖ ಚೆನ್ನಾಗಿ ಗೊತ್ತು. ಹಳ್ಳಿಕಾರ್ ಹೋರಿಕರುವನ್ನ ಗಾಡಿಗೆ ಹೂಡುವಾಗ ಮೊದಲು ಪಳಗಿದ ಹಳೇ ಎತ್ತಿನ ಜೊತೆಗೇ ನೊಗ ಹಾಕೋದು. ಹಳೇದು ನಿಂತಾಗ ಹೊಸದೂ ನಿಲ್ಲುತ್ತೆ. ದಸರಾ ಆನೆಗೂ ಅದೇ. ಎಳೆ ಕುದುರೆಯನ್ನೂ ಮೊದಲು ಅನುಭವಸ್ಥ ಕುದುರೆಯ ಪಕ್ಕದಲ್ಲೇ ಹೊಳೆ ದಾಟಿಸ್ತಾರೆ, ಸೇತುವೆ ಹತ್ತಿಸ್ತಾರೆ.

ಆದ್ರೆ ಎತ್ತಿಗೆ ಜೋಡಿ ಜೀವನ ಪೂರ್ತಿ ಇರುತ್ತೆ, ಕುದುರೆಗೆ ಇರಲ್ಲ. ಅದನ್ನ ಬಿಡಿಸಬೇಕು. ಇಬ್ಬರು ಸವಾರರು ಒಟ್ಟಿಗೆ ಹೋಗಿ, ಒಂದು ಮರದ ಹತ್ತಿರ ಒಬ್ಬರು ನಿಲ್ತಾರೆ, ಇನ್ನೊಬ್ಬರು ಐವತ್ತು ಹೆಜ್ಜೆ ಮುಂದೆ ಹೋಗಿ ವಾಪಸ್ ಬರ್ತಾರೆ. ನಾಳೆ ನೂರು ಹೆಜ್ಜೆ. ಆಮೇಲೆ ತಿರುವಿನ ಆಚೆ, ಕಣ್ಣಿಗೆ ಕಾಣದಷ್ಟು. ಹೋದ ಗೆಳೆಯ ಪ್ರತಿ ಸಲ ವಾಪಸ್ ಬರ್ತಾನೆ ಅಂತ ಗೊತ್ತಾದ ಮೇಲೆ ಕೆನೆಯೋದು ಕಡಿಮೆಯಾಗುತ್ತೆ. ಮುಂದೆ ಹೋಗೋದು, ಹಿಂದೆ ಬರೋದು, ಮಧ್ಯೆ ಇರೋದು, ಮೂರನ್ನೂ ಅದಲುಬದಲು ಮಾಡಿಸಬೇಕು. ಯಾವಾಗಲೂ ಮುಂದೆ ಇದ್ದ ಕುದುರೆ ಹಿಂದೆ ಬಿದ್ದ ದಿನ ಹುಚ್ಚೆದ್ದು ಕುಣಿಯುತ್ತೆ. ಕೆಲವು ಮನುಷ್ಯರೂ ಹಾಗೇ, ಬಿಡಿ.

ತಿನ್ನೋದು, ಕುಡಿಯೋದು, ಸುಮ್ಮನೆ ನಿಲ್ಲೋದು

ರೀಲ್ಸ್‌ನಲ್ಲಿ ಇದು ಯಾವುದೂ ಬರಲ್ಲ. ಸವಾರಿ ಉಳಿಯೋದು ಮಾತ್ರ ಇದರಲ್ಲೇ.

ಕುದುರೆ ಹೊಸ ಊರಿನ ನೀರು ಮುಟ್ಟಲ್ಲ ಅನ್ನೋದು ಸಾಕಿದವರಿಗೆಲ್ಲ ಗೊತ್ತಿರೋ ಸಂಗತಿ. ವಾಸನೆ ಬೇರೆ, ಬಕೆಟ್ಟಿನ ಬಣ್ಣ ಬೇರೆ. ಬೆವರು ಸುರಿಸ್ತಾ ಬಂದ ಕುದುರೆ ನೀರು ಕುಡೀಲಿಲ್ಲ ಅಂದ್ರೆ ಕೆಲವೇ ಗಂಟೆಯಲ್ಲಿ ನಿರ್ಜಲೀಕರಣ, ಕರುಳಿನ ಚಲನೆ ನಿಧಾನ, ಹೊಟ್ಟೆನೋವು. ಕುದುರೆಗೆ ಹೊಟ್ಟೆನೋವು ಅಂದ್ರೆ ಪ್ರಾಣಕ್ಕೇ ಬರಬಹುದು, ವಾಂತಿ ಮಾಡೋಕೂ ಆಗದ ಪ್ರಾಣಿ ಅದು. ಹಾಗಾಗಿ ಮನೆಯಲ್ಲೇ ಅಭ್ಯಾಸ: ಇವತ್ತು ಕಬ್ಬಿಣದ ಬಕೆಟ್ಟು, ನಾಳೆ ನೀಲಿ ಡ್ರಮ್ಮು, ನಾಡಿದ್ದು ಕೆರೆಯ ಅಂಚು. ದಾರಿಯಲ್ಲಿ ನೀರು ಕಂಡಾಗಲೆಲ್ಲ ಲಗಾಮು ಸಡಿಲ ಬಿಟ್ಟು ಕಾಯೋದು. ಕುಡಿಯದಿದ್ರೂ ಕಾಯೋದು. ಗಡಿಬಿಡಿ ಮಾಡಿದ ಒಂದು ಸಲ ಸಾಕು, ನೀರಿನ ಹತ್ತಿರ ನಿಲ್ಲೋ ಹಾಗಿಲ್ಲ ಅಂತ ಅದು ಕಲಿತುಬಿಡುತ್ತೆ.

ತಿನ್ನೋದೂ ಹಾಗೇ. ಹೆದರಿದ ಕುದುರೆ ತಿನ್ನಲ್ಲ. ತಿಂತಾ ಇದೆ ಅಂದ್ರೆ ಅದರ ಮನಸ್ಸು ಎಲ್ಲಿದೆ ಅಂತ ಗೊತ್ತಾಗುತ್ತೆ. ದಾರಿ ಬದಿ ಹುಲ್ಲಿಗೆ ಬಾಯಿ ಹಾಕಿದರೆ ಬೇರೆ ಸವಾರಿ ಶಾಲೆಗಳಲ್ಲಿ ಬೈತಾರೆ, ಎಂಡ್ಯೂರೆನ್ಸ್ ಸವಾರರು ಖುಷಿಪಡ್ತಾರೆ.

ಆಮೇಲೆ ನಿಲ್ಲೋದು. ವೆಟ್ ಗೇಟಿನ ತಾಲೀಮನ್ನ ಲಾಯದಲ್ಲೇ ಮಾಡಬಹುದು. ದಿನಾ ಬೇರೆ ಬೇರೆಯವರು ಬಂದು ಎಡಗಡೆ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಡಬೇಕು, ತುಟಿ ಎತ್ತಿ ಒಸಡು ನೋಡಬೇಕು, ಕತ್ತಿನ ಚರ್ಮ ಚಿವುಟಿ ಬಿಡಬೇಕು, ಕಾಲು ತಡವಬೇಕು. ಸ್ಪಂಜಿನಿಂದ ನೀರು ಸುರೀಬೇಕು. ಆಮೇಲೆ ಸಡಿಲ ಹಗ್ಗದಲ್ಲಿ ನಲವತ್ತು ಮೀಟರ್ ಟ್ರಾಟ್ ಮಾಡಿಸಿ ವಾಪಸ್, ಕುಂಟುತ್ತಾ ಇದೆಯಾ ಅಂತ ನೋಡೋಕೆ. ಪಕ್ಕದ ಮನೆ ಹುಡುಗರನ್ನ ಕರೆದು ಗದ್ದಲ ಮಾಡಿಸಿ, ಸ್ಪೀಕರ್ ಹಾಕಿ. ಜನ ಮುತ್ತಿಕೊಂಡ್ರೆ ನೆಮ್ಮದಿ, ನೀರು, ಹುಲ್ಲು ಅಂತ ಅದರ ತಲೆಯಲ್ಲಿ ಗಂಟು ಬಿದ್ದರೆ, ಗೇಟು ಹತ್ತಿರ ಬಂದಾಗಲೇ ನಾಡಿ ಇಳಿಯೋಕೆ ಶುರುವಾಗುತ್ತೆ.

ನಿದ್ದೆಯನ್ನ ಮರೀತಾರೆ ಜನ. ಕುದುರೆ ನಿಂತೇ ತೂಕಡಿಸುತ್ತೆ ನಿಜ, ಆದ್ರೆ ಕನಸಿನ ಗಾಢ ನಿದ್ದೆಗೆ ಅದು ಮಲಗಲೇಬೇಕು. ಹೊಸ ಜಾಗದಲ್ಲಿ, ಪಕ್ಕದಲ್ಲಿ ಗುರುತಿನ ಕುದುರೆ ಇಲ್ಲದೆ, ಅದು ಮಲಗಲ್ಲ. ಸ್ಪರ್ಧೆಯ ಹಿಂದಿನ ರಾತ್ರಿ ಟ್ರಕ್ಕಿಂದ ಇಳಿಸಿದ ಕುದುರೆ ಬೆಳಗಿನವರೆಗೆ ನಿಂತೇ ಇದ್ದರೆ, ಮೊದಲ ಹೆಜ್ಜೆಗೆ ಮುಂಚೆಯೇ ಅರ್ಧ ಸೋತ ಹಾಗೆ. ಸ್ಪರ್ಧೆ ಇಲ್ಲದಾಗಲೇ ಒಂದೆರಡು ರಾತ್ರಿ ಬೇರೆ ಊರಲ್ಲಿ ತಂಗಿಸಿ ರೂಢಿ ಮಾಡಿಸೋದು ಅದಕ್ಕೆ.

ಬಿಚ್ಚದ ಛತ್ರಿ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಮಸ್ಯೆ ಉಳಿಯುತ್ತೆ, ಜೀನಿನ ಮೇಲೆ ಕೂತಿರೋ ನೀವು.

2009ರಲ್ಲಿ ಸ್ವೀಡನ್ ಸಂಶೋಧಕರು ಒಂದು ಮಜವಾದ ಪ್ರಯೋಗ ಪ್ರಕಟಿಸಿದರು. ಜನ ಕುದುರೆಗಳನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಸಲ ನಡೆಸಬೇಕು, ಕೆಲವರು ಹಗ್ಗ ಹಿಡಿದು, ಕೆಲವರು ಮೇಲೆ ಕೂತು. ಇಬ್ಬರ ಹೃದಯ ಬಡಿತವೂ ದಾಖಲಾಗ್ತಿದೆ. ನಾಲ್ಕನೇ ಸಲಕ್ಕೆ ಮುಂಚೆ ಮನುಷ್ಯರಿಗೆ ಹೇಳಿದರು, "ಈ ಸಲ ಕುದುರೆ ದಾಟುವಾಗ ಛತ್ರಿ ಬಿಚ್ತೀವಿ" ಅಂತ. ಮನುಷ್ಯರ ಎದೆ ಬಡಿತ ಏರಿತು. ಕುದುರೆಗಳದೂ ಏರಿತು. ಛತ್ರಿಯನ್ನ ಯಾರೂ ಬಿಚ್ಚಲೇ ಇಲ್ಲ!

ಕುದುರೆಗೆ ಛತ್ರಿ ವಿಷಯ ಗೊತ್ತಿರಲಿಲ್ಲ. ಗೊತ್ತಾಗಿದ್ದು ಹಗ್ಗ ಬಿಗಿ ಹಿಡಿದ ಕೈ, ಜೀನಿನ ಮೇಲೆ ಬಿಗಿಯಾದ ತೊಡೆ, ನಿಂತ ಉಸಿರು, ಹೀಗೆ ಏನೋ ಇರಬೇಕು. ಎದುರಿಗೆ ಬಸ್ಸು ಕಂಡ ತಕ್ಷಣ ನೀವು ಲಗಾಮು ಬಿಗಿ ಮಾಡಿದರೆ, ಬಸ್ಸು ಅಪಾಯ ಅಂತ ಹೇಳಿಕೊಟ್ಟವರು ನೀವೇ. ಅದಕ್ಕೇ ಒಳ್ಳೇ ತರಬೇತುದಾರರು ಸವಾರರಿಗೆ ಹಾಡು ಗುನುಗಿ ಅಂತಾರೆ. ತಮಾಷೆಗಲ್ಲ. ಹಾಡ್ತಾ ಇದ್ದರೆ ಉಸಿರು ಕಟ್ಟಿ ಹಿಡಿಯೋಕೆ ಆಗಲ್ಲ. ಇಳಿಜಾರಲ್ಲಿ, ಕೊನೆಯ ಒಂದು ಕಿಲೋಮೀಟರ್‌ನಲ್ಲಿ ಎಷ್ಟೋ ಸವಾರರು ಕೆಳಗಿಳಿದು ಕುದುರೆ ಜೊತೆ ನಡೆದೋ ಓಡಿಯೋ ಗೇಟಿಗೆ ಬರ್ತಾರೆ. ಬೆನ್ನಿನ ಭಾರವೂ ಇಳಿಯುತ್ತೆ, ಕೆಲಸ ಮುಗೀತು ಅನ್ನೋ ಸೂಚನೆಯೂ ಸಿಗುತ್ತೆ. ಹಳೇ ಕಾಲದ ಅಶ್ವಸೈನ್ಯದ ರಾವುತರೂ ದೂರದ ನಡೆಯಲ್ಲಿ ಹೀಗೇ ಇಳಿದು ಕುದುರೆ ಹಿಡಿದು ನಡೀತಿದ್ದರು. 1918ರಲ್ಲಿ ಹೈಫಾ ಕದನದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಆ ಕಡೆ ಹೋದಾಗ ನೋಡಿ.

ಶಾಂತವಾ, ಮೂಕವಾ?

ಈಗ ಮುಂಚೆ ಬಿಟ್ಟ ಮಾತಿಗೆ ಬರೋಣ. ಹೆದರದ ಕುದುರೆಗೂ, ಹೇಳಿ ಪ್ರಯೋಜನ ಇಲ್ಲ ಅಂತ ಸುಮ್ಮನಾದ ಕುದುರೆಗೂ ಇರೋ ವ್ಯತ್ಯಾಸ. ಹೊರಗಿನಿಂದ ಎರಡೂ ಶಾಂತವಾಗೇ ಕಾಣ್ತವೆ. ದೂರದ ಸವಾರಿಯಲ್ಲಿ ಎರಡನೇದು ಸಾಯಬಹುದು.

ಯಾಕೆಂದ್ರೆ ಕುದುರೆ ನೋವನ್ನ ಮುಚ್ಚಿಡೋ ಪ್ರಾಣಿ. ಕುಂಟೋದು ತೋರಿಸಿದವನನ್ನೇ ಹುಲಿ ಮೊದಲು ಹಿಡಿಯೋದು. ಅದರ ಮೇಲೆ ನಾವು ಏನೇ ಆದ್ರೂ ಮುಂದೆ ಹೋಗು ಅಂತ ಕಲಿಸಿದರೆ, ಅದು ಹೋಗುತ್ತೆ. ಸ್ನಾಯು ಹಿಡಿದುಕೊಂಡರೂ ಹೋಗುತ್ತೆ, ಮೂಳೆಯಲ್ಲಿ ಬಿರುಕು ಬಿಟ್ಟರೂ ಹೋಗುತ್ತೆ. ಈ ಆಟಕ್ಕೆ ಇಂಥ ಕಪ್ಪುಚುಕ್ಕೆ ಇದೆ, ಮುಚ್ಚಿಡೋದು ಬೇಡ. ಕುದುರೆಗಳ ಹಿತ ಕಾಯುವ ನಿಯಮಗಳ ಉಲ್ಲಂಘನೆ ಕಾರಣಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಇಐ, ಎಂಡ್ಯೂರೆನ್ಸ್‌ನಲ್ಲಿ ದೊಡ್ಡ ಹೆಸರಾದ ಯುಎಇ ದೇಶದ ಒಕ್ಕೂಟವನ್ನೇ ಕೆಲವು ತಿಂಗಳು ಅಮಾನತು ಮಾಡಿತ್ತು. 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ವಿಶ್ವ ಕ್ರೀಡಾಕೂಟದ ಎಂಡ್ಯೂರೆನ್ಸ್ ಸ್ಪರ್ಧೆಯನ್ನ ಸೆಕೆ ಮತ್ತು ತೇವಾಂಶದ ಅಪಾಯ ನೋಡಿ ನಡುವೆಯೇ ರದ್ದು ಮಾಡಿದರು. ಮುಗಿಸಿದವರೇ ಇಲ್ಲದ ವಿಶ್ವ ಸ್ಪರ್ಧೆ ಅದು.

ಹಾಗಾಗಿ ಮಾನಸಿಕ ತರಬೇತಿ ಅಂದ್ರೆ ಕುದುರೆಯನ್ನ ಕಲ್ಲು ಮಾಡೋದು ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಬೆದರದ, ಏನೂ ಹೇಳದ ಕುದುರೆ ಬೇಕಂದ್ರೆ ಚನ್ನಪಟ್ಟಣದಲ್ಲಿ ಬಣ್ಣ ಹಚ್ಚಿದ್ದು ಸಿಗುತ್ತೆ. ಹೆದರಿಕೆಯ ಗದ್ದಲ ಕಡಿಮೆ ಮಾಡೋದು ಯಾಕೆ ಅಂದ್ರೆ, ಆಗ ದಣಿವಿನ ಸಣ್ಣ ದನಿ ಕೇಳುತ್ತೆ ಅಂತ. ಪ್ಲಾಸ್ಟಿಕ್ ಕವರ್‌ಗೂ ನಾಯಿಗೂ ಬಸ್ಸಿಗೂ ಕುಣಿಯೋ ಕುದುರೆಯಲ್ಲಿ ನಿಜವಾದ ತೊಂದರೆ ಯಾವಾಗ ಶುರುವಾಯ್ತು ಅಂತ ಸವಾರನಿಗೆ ಗೊತ್ತೇ ಆಗಲ್ಲ. ನೆಮ್ಮದಿಯ ಕುದುರೆಯಲ್ಲಿ ಗೊತ್ತಾಗುತ್ತೆ. ದಿನಾ ನೀರಿಗೆ ಮುಗಿಬೀಳೋದು ಇವತ್ತು ಮುಖ ತಿರುಗಿಸಿತು. ದಿನಾ ಕಿವಿ ಆಡಿಸೋದು ಇವತ್ತು ಜೋಲು ಹಾಕಿದೆ. ದಿನಾ ಮೂರು ನಿಮಿಷಕ್ಕೆ ಇಳಿಯೋ ನಾಡಿ ಇವತ್ತು ಎಂಟು ನಿಮಿಷ ತಗೊಳ್ತು. ಆ ಕುದುರೆ ಮಾತಾಡ್ತಿದೆ.

ಸವಾರಿ ಶಾಲೆಗೆ ಸೇರಬೇಕು ಅಂತಿರೋರು ಇದನ್ನ ಮೊದಲ ದಿನವೇ ಗಮನಿಸಬಹುದು. ಲಾಯದ ಹತ್ತಿರ ಹೋದಾಗ ಕುದುರೆಗಳು ತಲೆ ಹೊರಗೆ ಹಾಕಿ ನಿಮ್ಮನ್ನ ನೋಡ್ತವಾ, ಮೂಸ್ತವಾ? ಇಲ್ಲಾ ಗೋಡೆ ಕಡೆ ಮುಖ ಮಾಡಿ, ಕಣ್ಣು ಮಂಕಾಗಿ, ನೀವು ಇದ್ದರೂ ಇಲ್ಲದಿದ್ದರೂ ಒಂದೇ ಅನ್ನೋ ಹಾಗೆ ನಿಂತಿದ್ದಾವಾ? ಎರಡನೇದಾದ್ರೆ, "ಬಹಳ ಸಾಧು ಕುದುರೆ ಸಾರ್" ಅನ್ನೋ ಮಾತಿಗೆ ಮರುಳಾಗದೆ ಇನ್ನೊಂದು ಜಾಗ ನೋಡಿ.

ಇನ್ನು ಅರ್ಧದಲ್ಲಿ ನಿಲ್ಲಿಸೋದು. ಎಂಡ್ಯೂರೆನ್ಸ್ ಫಲಿತಾಂಶದ ಪಟ್ಟಿ ನೋಡಿದರೆ ಗೆದ್ದವರ ಕೆಳಗೆ ಇನ್ನೊಂದು ಸಾಲು ಇರುತ್ತೆ, ಸವಾರರೇ ಸ್ವಂತ ತೀರ್ಮಾನದಿಂದ ಹಿಂದೆ ಸರಿದವರದ್ದು. ಡಾಕ್ಟರ್ ಪಾಸ್ ಮಾಡಿದ್ದಾರೆ, ನಾಡಿ ಸರಿ ಇದೆ, ಇನ್ನು ಉಳಿದಿರೋದು ಒಂದೇ ಸುತ್ತು. ಆದ್ರೂ "ಇವತ್ತು ಇವನು ಇವನ ಹಾಗಿಲ್ಲ" ಅಂತ ಜೀನು ಬಿಚ್ಚಿದವರು. ಅದನ್ನ ಹೇಳೋಕೆ ಬೇಕಾದಷ್ಟು ಪರಿಚಯ ಒಂದು ಕುದುರೆ ಜೊತೆ ಆಗೋಕೆ ಎರಡು ಮೂರು ವರ್ಷ ಹಿಡಿಯುತ್ತೆ.

ಆಗಲೇ ಹೇಳಿದ ಟೆವಿಸ್‌ನಲ್ಲಿ ಮೊದಲು ಬಂದವರಿಗೊಂದು ಕಪ್ ಇದೆ. ಅದರ ಜೊತೆಗೇ ಹ್ಯಾಗಿನ್ ಕಪ್ ಅಂತ ಇನ್ನೊಂದು. ಮೊದಲ ಹತ್ತರಲ್ಲಿ ಬಂದ ಕುದುರೆಗಳಲ್ಲಿ ಅತ್ಯಂತ ಸುಸ್ಥಿತಿಯಲ್ಲಿ ಇರೋದಕ್ಕೆ ಅದು. ಅದನ್ನ ಓಟ ಮುಗಿದ ರಾತ್ರಿ ತೀರ್ಮಾನ ಮಾಡಲ್ಲ. ಮಾರನೇ ದಿನ ಕುದುರೆಗಳನ್ನ ಮತ್ತೆ ಹೊರಗೆ ತಂದು, ನಡೆಸಿ, ಓಡಿಸಿ, ಮುಟ್ಟಿ ನೋಡಿ ಕೊಡ್ತಾರೆ. ಎಷ್ಟೋ ಸವಾರರು ಆಸೆಪಡೋದು ಆ ಎರಡನೇ ಕಪ್ಪಿಗೆ.